ಹೊಟ್ಟೆಯಲ್ಲಿ ಐದು ತಿಂಗಳ ಮಗು, ಎದೆಯಲ್ಲಿ ಗಡ್ಡೆ: ಮಗು ತೆಗೆಸಲೇಬೇಕಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 31 ವರ್ಷ. ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಯಜಮಾನರು ಕಾಫಿ ತೋಟದಲ್ಲಿ ರೈಟರ್. 4 ವರ್ಷದ ಮಗಳಿದ್ದಾಳೆ. ಈಗ ಎರಡನೇದು, 19 ವಾರ ತುಂಬಿದೆ. ಮೂರನೇ ತಿಂಗಳಲ್ಲೇ ಎಡಗಡೆ ಎದೆಯಲ್ಲಿ ಗಟ್ಟಿಯಾದ ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ತೋರಿಸಿದಾಗ "ಬಸುರಿಯಲ್ಲಿ ಹಾಲಿನ ಗಂಟು ಸಾಮಾನ್ಯ, ಹೆರಿಗೆ ಆದ್ಮೇಲೆ ಕರಗುತ್ತೆ" ಅಂದರು. ಅದು ದೊಡ್ಡದಾಗುತ್ತಾ ಬಂದಿದ್ದರಿಂದ ಹಾಸನಕ್ಕೆ ಬಂದು ಸ್ಕ್ಯಾನ್ ಮಾಡಿಸಿದೆವು. ಸೂಜಿ ಹಾಕಿ ಬಯಾಪ್ಸಿ ತೆಗೆದರು. ಕ್ಯಾನ್ಸರ್ ಅಂತ ಬಂದಿದೆ. ಗಂಟು 3 ಸೆಂಟಿಮೀಟರ್, ಕಂಕುಳಲ್ಲಿ ಒಂದು ಗ್ರಂಥಿ ಸ್ವಲ್ಪ ದಪ್ಪ ಆಗಿದೆ ಅಂತ ಬರೆದಿದ್ದಾರೆ. ಐಎಚ್‌ಸಿ ಅನ್ನೋ ಇನ್ನೊಂದು ರಿಪೋರ್ಟ್ ಬರಬೇಕು. ಪೆಟ್ ಸ್ಕ್ಯಾನ್ ಮಾಡಿಸಿ ಅಂತಲೂ ಬರೆದುಕೊಟ್ಟಿದ್ದಾರೆ. ನಮ್ಮತ್ತೆ "ಮೊದಲು ಮಗು ತೆಗೆಸು, ನೀನಿದ್ರೆ ಇನ್ನೊಂದು ಮಗು" ಅಂತಾರೆ. ನಮ್ಮಮ್ಮ "ಹೆರಿಗೆ ಆಗೋವರೆಗೂ ಏನೂ ಮುಟ್ಟಿಸಬೇಡ" ಅಂತಾರೆ. ಯಜಮಾನರು ಮಾತೇ ಆಡ್ತಿಲ್ಲ. ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ, ಇದೇ ಕಾಯಿಲೆಯಲ್ಲಿ 40 ತುಂಬೋ ಮೊದಲೇ ತೀರಿಕೊಂಡರು. ಸೂಜಿ ಹಾಕಿಸಿದ್ದರಿಂದ ಹರಡಿರುತ್ತಾ? ಮಗುವಿಗೂ ಬಂದಿರುತ್ತಾ? ಕೀಮೋ ಕೊಟ್ಟರೆ ಮಗು ಉಳಿಯುತ್ತಾ? ಇದೆಲ್ಲ ನಾನು ಮಾಡಿದ ಯಾವ ತಪ್ಪಿಗೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಯಾವ ತಪ್ಪೂ ಮಾಡಿಲ್ಲ. ಸ್ತನದ ಗಡ್ಡೆ ಕೈಗೆ ಸಿಗುವಷ್ಟು ದೊಡ್ಡದಾಗಲು ಸಾಮಾನ್ಯವಾಗಿ ವರ್ಷಗಳೇ ಬೇಕು. ನೀವು ಬಸುರಿ ಆಗುವ ಮುಂಚೆಯೇ ಅದು ಒಳಗೆ ಶುರುವಾಗಿರುವ ಸಾಧ್ಯತೆಯೇ ಹೆಚ್ಚು. ಗ್ರಹಣದ ದಿನ ಹೊರಗೆ ಬಂದದ್ದು, ಪಪ್ಪಾಯಿ ತಿಂದದ್ದು, ಯಾರದೋ ದೃಷ್ಟಿ ತಗುಲಿದ್ದು, ಇವು ಯಾವುದೂ ಕಾರಣ ಅಲ್ಲ. ತೋಟದ ಕಡೆಯವರು ಔಷಧಿ ಹೊಡೆಯುವುದರ ಬಗ್ಗೆಯೂ ಕೇಳುತ್ತಾರೆ. ಬಸುರಿಯರು ಸ್ಪ್ರೇ ಹೊಡೆಯುವ ಕಡೆ ಹೋಗಬಾರದು, ಅದು ಸರಿ. ಆದರೆ ಒಬ್ಬರ ಗಡ್ಡೆಯನ್ನು ತೋರಿಸಿ ಇದಕ್ಕೆ ಅದೇ ಕಾರಣ ಅನ್ನಲು ಬರುವುದಿಲ್ಲ. ಆ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ಈಗ ಮುಖ್ಯವಾದ ಮಾತು. ನಿಮ್ಮ ಮನೆಯಲ್ಲಿ ಎಲ್ಲರೂ ತಾಯಿ ಬೇಕಾ, ಮಗು ಬೇಕಾ ಅಂತ ಯೋಚನೆ ಮಾಡುತ್ತಿದ್ದಾರೆ. ಅತ್ತೆ ನಿಮ್ಮ ಕಡೆ ನಿಂತಿದ್ದಾರೆ, ಅಮ್ಮ ಮಗುವಿನ ಕಡೆ ನಿಂತಿದ್ದಾರೆ. ಇಬ್ಬರದ್ದೂ ಪ್ರೀತಿಯೇ. ಆದರೆ ನಿಮ್ಮ ಈಗಿನ ಸ್ಥಿತಿಯಲ್ಲಿ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಅಗತ್ಯ ಕಾಣುತ್ತಿಲ್ಲ. 19 ವಾರ ಆಗಿರುವುದರಿಂದ ಆಪರೇಷನ್ನೂ ಮಾಡಬಹುದು, ಕೀಮೋನೂ ಕೊಡಬಹುದು, ಮಗುವನ್ನೂ ಉಳಿಸಿಕೊಳ್ಳಬಹುದು. ನಾನು ಹೆದರುವುದು ಎರಡಕ್ಕೆ. ಒಂದು, ಚಿಕಿತ್ಸೆ ತಡವಾಗುವುದು. ಎರಡು, ಮಗು ಅವಸರಕ್ಕೆ ಬೇಗ ಹುಟ್ಟುವುದು. ಮುಂದೆ ಹೇಳುವುದೆಲ್ಲ ಇವೆರಡನ್ನೂ ತಪ್ಪಿಸುವ ದಾರಿಯೇ.

ಇದು ಅಪರೂಪ, ಆದರೆ ಕೇಳರಿಯದ ವಿಷಯವಲ್ಲ. ಸುಮಾರು 1000 ಬಸುರಿಯರಲ್ಲಿ ಒಬ್ಬರಿಗೆ ಯಾವುದಾದರೊಂದು ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಸ್ತನದ್ದು ಮತ್ತು ಗರ್ಭಕೋಶದ ಬಾಯಿಯದ್ದು ಜಾಸ್ತಿ. ಥೈರಾಯ್ಡ್, ಲಿಂಫೋಮ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಕೂಡ ನೋಡುತ್ತೇವೆ. ಒಂದೊಂದರ ದಾರಿ ಒಂದೊಂದು ಥರ. ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿನಂಶ ಹೆರಿಗೆವರೆಗೂ ಕಾಯುತ್ತದೆ. ತೀವ್ರ ರಕ್ತದ ಕ್ಯಾನ್ಸರ್ ವಾರವೂ ಕಾಯುವುದಿಲ್ಲ. ಹಾಗಾಗಿ "ಪಕ್ಕದ ಊರಿನವರಿಗೆ ಹೀಗೆ ಮಾಡಿದ್ರಂತೆ" ಅನ್ನುವ ಮಾತನ್ನು ನಿಮಗೆ ಹೋಲಿಸಿಕೊಳ್ಳಬೇಡಿ.

ಮೊದಲ ಸಲ ತೋರಿಸಿದಾಗ ಹಾಲಿನ ಗಂಟು ಅಂದರು ಅಂತ ಬರೆದಿದ್ದೀರಿ. ಬಸುರಿಯಲ್ಲಿ ಸ್ತನ ದಪ್ಪವಾಗುತ್ತದೆ, ಒಳಗೆಲ್ಲ ಗಂಟುಗಂಟಾಗಿ ಸಿಗುತ್ತದೆ. ಅದರ ನಡುವೆ ನಿಜವಾದ ಗಡ್ಡೆ ಅಡಗಿಕೊಳ್ಳುತ್ತದೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ, ಅದೂ ನಿಜ. ಆದರೆ ಗಟ್ಟಿಯಾದ, ನೋವಿಲ್ಲದ ಗಂಟು ಎರಡು ವಾರ ಕಳೆದರೂ ಹಾಗೇ ಇದ್ದರೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಇದನ್ನು ಓದುತ್ತಿರುವ ಬೇರೆ ಬಸುರಿಯರಿಗೂ, ಹಾಲು ಕುಡಿಸುವ ತಾಯಂದಿರಿಗೂ, ಆಶಾ ಕಾರ್ಯಕರ್ತೆಯರಿಗೂ ಈ ಮಾತು ಹೇಳುತ್ತಿದ್ದೇನೆ. ತಾಯಿ ಕಾರ್ಡ್‌ನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ಬರೆಯುತ್ತಾರೆ. ಎದೆಯಲ್ಲಿ ಗಂಟಿದೆಯಾ ಅಂತ ಕೇಳುವವರು ಕಡಿಮೆ. ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ.

ಸೂಜಿ ಹಾಕಿಸಿದ್ದರಿಂದ ಹರಡುತ್ತಾ? ಇಲ್ಲ. ನಮ್ಮ ಕಡೆ ಈ ಭಯ ಬಹಳ ಗಟ್ಟಿಯಾಗಿ ಕೂತಿದೆ. "ಸೂಜಿ ಚುಚ್ಚಿದ್ರು, ಮೂರೇ ತಿಂಗಳಲ್ಲಿ ಹೋದ್ರು" ಅನ್ನುವ ಕಥೆ ಪ್ರತಿ ಊರಲ್ಲೂ ಇರುತ್ತದೆ. ಅಂಥವರಿಗೆ ಸೂಜಿ ಹಾಕುವ ಹೊತ್ತಿಗೇ ಕಾಯಿಲೆ ಮುಂದುವರಿದಿತ್ತು, ಅಷ್ಟೇ. ಬಯಾಪ್ಸಿ ಇಲ್ಲದೆ ಯಾವ ಜಾತಿಯ ಗಡ್ಡೆ ಅಂತ ಗೊತ್ತಾಗುವುದಿಲ್ಲ, ಗೊತ್ತಾಗದೆ ಔಷಧಿ ಆರಿಸುವುದಕ್ಕೂ ಆಗುವುದಿಲ್ಲ. ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವುದರಿಂದ ಮಗುವಿಗೂ ತೊಂದರೆಯಿಲ್ಲ. ಒಂದು ವಿಷಯ ಮಾತ್ರ ವಿಚಾರಿಸಿ: ನೀವು ಬಸುರಿ ಅನ್ನುವುದು ಲ್ಯಾಬ್‌ಗೆ ಕಳಿಸಿದ ಚೀಟಿಯಲ್ಲಿ ಬರೆದಿತ್ತಾ? ಬಸುರಿಯಲ್ಲಿ ಸ್ತನದ ಒಳ್ಳೆಯ ಜೀವಕೋಶಗಳೂ ಸ್ವಲ್ಪ ವಿಚಿತ್ರವಾಗಿ ಕಾಣುತ್ತವೆ. ಲ್ಯಾಬ್‌ನಲ್ಲಿ ತುಣುಕನ್ನು ಪರೀಕ್ಷಿಸುವ ಪೆಥಾಲಜಿಸ್ಟ್‌ಗೆ ಅದು ಗೊತ್ತಿರಬೇಕು. ಬರೆದಿರದಿದ್ದರೆ ಬಯಾಪ್ಸಿ ತುಣುಕಿನ ಅದೇ ಗಾಜಿನ ಸ್ಲೈಡ್‌ಗಳನ್ನು ಇನ್ನೊಮ್ಮೆ ನೋಡಿಸಿ.

ಮಗುವಿಗೆ ಬಂದಿರುತ್ತಾ ಅನ್ನುವ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಭಯಗಳಿವೆ. ಒಂದು, ನಿಮ್ಮ ಕ್ಯಾನ್ಸರ್ ಕಣಗಳು ರಕ್ತದಲ್ಲಿ ಹೋಗಿ ಮಗುವಿನಲ್ಲಿ ಕೂತುಕೊಳ್ಳುತ್ತವಾ ಅಂತ. ಇದು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು ಜನರಲ್ಲಿ ದಾಖಲಾಗಿರುವ ವಿಷಯ. ಅದರಲ್ಲೂ ಹೆಚ್ಚಾಗಿ ಕಂಡಿದ್ದು ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಮತ್ತು ರಕ್ತದ ಕ್ಯಾನ್ಸರ್‌ಗಳಲ್ಲಿ. ಮಾಸು ಮಧ್ಯದಲ್ಲಿ ತಡೆಯುತ್ತದೆ, ಮಗುವಿನ ರೋಗನಿರೋಧಕ ಶಕ್ತಿಯೂ ಹೊರಗಿನ ಕಣಗಳನ್ನು ಬಿಟ್ಟುಕೊಳ್ಳುವುದಿಲ್ಲ. ಹೆರಿಗೆಯ ಮೇಲೆ ಮಾಸನ್ನು ಲ್ಯಾಬ್‌ಗೆ ಕಳಿಸಿ ನೋಡುತ್ತಾರೆ. ಅದು ಎಚ್ಚರಿಕೆಗಾಗಿ, ಗಾಬರಿ ಬೇಡ. ಇನ್ನೊಂದು ಭಯ, ವಂಶದಲ್ಲಿ ಬರುತ್ತಾ ಅನ್ನುವುದು. ಅದು ಬೇರೆಯೇ ವಿಷಯ. ನಿಮ್ಮ ಚಿಕ್ಕಮ್ಮನ ಮಾತು ಹೇಳಿದ್ದೀರಲ್ಲ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮಗು ತೆಗೆಸಿದರೆ ಗುಣ ಬೇಗ ಆಗುತ್ತಾ? ಅತ್ತೆಯವರಿಗೆ ಇದನ್ನು ಓದಿ ಹೇಳಿ. ಸ್ತನ ಕ್ಯಾನ್ಸರ್‌ನಲ್ಲಿ ಬರೀ ಗರ್ಭ ತೆಗೆಸಿದ್ದರಿಂದ ತಾಯಿಯ ಆಯಸ್ಸು ಹೆಚ್ಚಾಗಿದ್ದು ಕಂಡುಬಂದಿಲ್ಲ. ಗಡ್ಡೆಗೆ ಬೇಕಾದ ಚಿಕಿತ್ಸೆ ಆಗಲೂ ಅದೇ, ಈಗಲೂ ಅದೇ. ಹಾಗಂತ ತೆಗೆಸುವ ಮಾತೇ ಎಂದೂ ಬರಬಾರದು ಅಂತಲೂ ನಾನು ಹೇಳುವುದಿಲ್ಲ. ಏಳೆಂಟು ವಾರದ ಬಸುರಿಗೆ ತೀವ್ರ ರಕ್ತದ ಕ್ಯಾನ್ಸರ್ ಬಂದು ಅದೇ ವಾರ ಕೀಮೋ ಶುರು ಮಾಡಬೇಕಾಗಿ ಬಂದರೆ ಆ ಮಾತು ಎತ್ತಲೇಬೇಕಾಗುತ್ತದೆ. ಕಾಯಿಲೆ ಲಿವರ್, ಶ್ವಾಸಕೋಶಕ್ಕೆ ಹೋಗಿದ್ದು, ಬಸುರಿಯಲ್ಲಿ ಕೊಡಲಾಗದ ಔಷಧಿಯೇ ತುರ್ತಾಗಿ ಬೇಕಿದ್ದರೂ ಅಷ್ಟೇ. ಇದರ ಹೊರತಾಗಿ, ಇಷ್ಟೆಲ್ಲ ಹೊರಲು ನನ್ನಿಂದ ಆಗುವುದಿಲ್ಲ ಅಂತ ತಾಯಿಯೇ ಹೇಳಿದರೆ ಅದೂ ಒಪ್ಪುವ ಮಾತೇ. ಆದರೆ ಆ ಮಾತು ನಿಮ್ಮ ಬಾಯಿಂದ ಬರಬೇಕು. ಕಾನೂನಿನ ಪ್ರಕಾರ 18 ವರ್ಷ ದಾಟಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿಯೂ ಬೇಡ, ಅತ್ತೆಯ ತೀರ್ಮಾನವೂ ಬೇಡ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಮಾಡಬಹುದು, ಅದರಾಚೆ ನಿಯಮ ಬಿಗಿಯಾಗುತ್ತದೆ. ನಿಮಗೆ 19 ತುಂಬಿದೆ. ಈ ದಿನಾಂಕ ನಿಮ್ಮ ತಲೆಯಲ್ಲಿರಲಿ ಅಂತ ಹೇಳಿದೆ. ಇದನ್ನು ನೋಡಿ ಗಾಬರಿಯಿಂದ ತೀರ್ಮಾನ ಮಾಡಬೇಡಿ. ನೀವು ಬರೆದಿರುವಷ್ಟರಲ್ಲಿ ನಿಮ್ಮ ಜೀವ ಉಳಿಸಲು ಮಗು ತೆಗೆಸಬೇಕು ಅನ್ನುವಂಥದ್ದು ನನಗೇನೂ ಕಾಣಲಿಲ್ಲ.

ಅಮ್ಮನ ಮಾತಿಗೆ ಬರೋಣ. ಹೆರಿಗೆವರೆಗೂ ತಡೆಯುವುದು ಅಂದರೆ ಇನ್ನೂ ನಾಲ್ಕು ತಿಂಗಳು. 37 ವಾರಕ್ಕೆ ಹೆರಿಗೆ ಅಂದುಕೊಂಡರೂ 18 ವಾರ. ಈಗಾಗಲೇ ಒಂದೂವರೆ ಎರಡು ತಿಂಗಳು ಹಾಲಿನ ಗಂಟು ಅಂತ ಕಳೆದುಹೋಗಿದೆ, ಕಂಕುಳ ಗ್ರಂಥಿಯೂ ದಪ್ಪ ಕಾಣುತ್ತಿದೆ. ಇಲ್ಲಿಂದ ಮುಂದೆ ಕಾಯುವುದಕ್ಕೆ ನಾನು ಒಪ್ಪುವುದಿಲ್ಲ. ಅಮ್ಮನಿಗೆ ಹೀಗೆ ಹೇಳಿ: ಬಸುರಿಯಲ್ಲಿ ಸಿಕ್ಕಿದ ಸ್ತನ ಕ್ಯಾನ್ಸರ್‌ಗೆ ಸರಿಯಾದ ಹೊತ್ತಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ, ಅದೇ ವಯಸ್ಸು, ಅದೇ ಹಂತದ ಬೇರೆ ಹೆಂಗಸರಷ್ಟೇ ಚೆನ್ನಾಗಿ ಗುಣವಾಗುತ್ತದೆ. ಬಸುರಿ ಅಂತ ಚಿಕಿತ್ಸೆ ಮುಂದೂಡಿದಾಗಲೇ ಕೆಡುವುದು.

ಈಗ ಪೆಟ್ ಸ್ಕ್ಯಾನ್. ಅದನ್ನು ಸದ್ಯಕ್ಕೆ ಮಾಡಿಸಬೇಡಿ. ಅದರಲ್ಲಿ ವಿಕಿರಣ ಇರುವ ಔಷಧಿಯನ್ನು ರಕ್ತಕ್ಕೆ ಕೊಡುತ್ತಾರೆ, ಅದು ಮೂತ್ರಕೋಶದಲ್ಲಿ, ಅಂದರೆ ಮಗುವಿನ ಪಕ್ಕದಲ್ಲೇ ಸೇರಿಕೊಳ್ಳುತ್ತದೆ. ಬರೆದುಕೊಟ್ಟವರಿಗೆ ನೀವು ಬಸುರಿ ಅನ್ನುವುದು ಗಮನದಲ್ಲಿತ್ತಾ ಅಂತ ಫೋನ್ ಮಾಡಿ ಕೇಳಿ. ಹೊಟ್ಟೆಯ ಸಿಟಿ ಸ್ಕ್ಯಾನ್, ಮೂಳೆ ಸ್ಕ್ಯಾನ್ ಕೂಡ ಸದ್ಯಕ್ಕೆ ಬೇಡ. ಬದಲಿಗೆ ಸ್ತನದ ಅಲ್ಟ್ರಾಸೌಂಡ್, ಲಿವರ್‌ಗೆ ಅಲ್ಟ್ರಾಸೌಂಡ್, ಹೊಟ್ಟೆಗೆ ಸೀಸದ ಏಪ್ರನ್ ಹಾಕಿ ಎದೆಯ ಎಕ್ಸ್‌ರೇ, ಇಷ್ಟರಲ್ಲಿ ಬೇಕಾದ ಮಾಹಿತಿ ಬಹುಪಾಲು ಸಿಗುತ್ತದೆ. ಮ್ಯಾಮೊಗ್ರಾಂನಲ್ಲೂ ಮಗುವಿಗೆ ತಲುಪುವ ವಿಕಿರಣ ತೀರಾ ಅತ್ಯಲ್ಪ. ಇನ್ನೂ ಅನುಮಾನ ಉಳಿದರೆ ಎಂಆರ್‌ಐ ಮಾಡಬಹುದು, ಆದರೆ ಕೈಗೆ ಚುಚ್ಚುವ ಗ್ಯಾಡೊಲಿನಿಯಮ್ ಬಣ್ಣ ಇಲ್ಲದೆ. ಹಾಗೆಯೇ ಕಂಕುಳ ಗ್ರಂಥಿಗೂ ಅಲ್ಟ್ರಾಸೌಂಡ್ ನೋಡುತ್ತಾ ಒಂದು ಸೂಜಿ ಹಾಕಿಸಿ. ಅಲ್ಲಿಗೆ ಹೋಗಿದೆಯೋ ಇಲ್ಲವೋ ಅನ್ನುವುದರ ಮೇಲೆ ಮುಂದಿನ ಲೆಕ್ಕ ನಿಂತಿದೆ.

ಬರಬೇಕಾದ ಐಎಚ್‌ಸಿ ರಿಪೋರ್ಟ್‌ನಲ್ಲಿ ಮೂರು ಹೆಸರಿರುತ್ತವೆ: ಇಆರ್, ಪಿಆರ್, ಹರ್-2. ಮೊದಲೆರಡು ಪಾಸಿಟಿವ್ ಬಂದರೆ ಗಡ್ಡೆ ಹಾರ್ಮೋನಿಗೆ ಬೆಳೆಯುವಂಥದ್ದು ಅಂತ ಅರ್ಥ. ಅದಕ್ಕೆ ಟ್ಯಾಮಾಕ್ಸಿಫೆನ್ ಅನ್ನುವ ಮಾತ್ರೆ ವರ್ಷಗಟ್ಟಲೆ ಬೇಕಾಗುತ್ತದೆ. ಆದರೆ ಬಸುರಿಯಲ್ಲಿ ಅದನ್ನು ಕೊಡುವಂತಿಲ್ಲ, ಮಗುವಿಗೆ ಅಂಗದೋಷ ಬರಬಹುದು. ಹೆರಿಗೆ, ಕೀಮೋ ಎಲ್ಲ ಮುಗಿದ ಮೇಲೆ ಶುರು. ಹರ್-2 ಅನ್ನುವುದು ಗಡ್ಡೆಯನ್ನು ಬೇಗ ಬೆಳೆಸುವ ಒಂದು ಪ್ರೋಟೀನ್, ಅದು ಪಾಸಿಟಿವ್ ಬಂದರೆ ಟ್ರಾಸ್ಟುಜುಮ್ಯಾಬ್ ಅನ್ನುವ ಇಂಜೆಕ್ಷನ್ ಬೇಕು. ಅದೂ ಈಗ ಬೇಡ. ಅದರಿಂದ ಮಗುವಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ. ಮೂರೂ ನೆಗೆಟಿವ್ ಬಂದರೆ ಕೀಮೋವೇ ಮುಖ್ಯ ಅಸ್ತ್ರ, ಅದನ್ನು ಬೇಗ ಶುರು ಮಾಡಬೇಕು. ವಿಕಿರಣ ಚಿಕಿತ್ಸೆ, ಅಂದರೆ ಕರೆಂಟ್ ಕೊಡುವುದು ಅಂತೀವಲ್ಲ, ಅದು ಹೇಗಿದ್ದರೂ ಹೆರಿಗೆಯ ನಂತರವೇ.

ಮುಂದಿರುವುದು ಎರಡು ದಾರಿ. ಮೊದಲು ಆಪರೇಷನ್, ಆಮೇಲೆ ಕೀಮೋ. ಇಲ್ಲವೇ ಮೊದಲು ಕೀಮೋ, ಹೆರಿಗೆಯಾದ ಮೇಲೆ ಆಪರೇಷನ್. ಕಂಕುಳಿಗೆ ಹೋಗಿಲ್ಲ, ಹಾರ್ಮೋನ್ ಪಾಸಿಟಿವ್ ಅಂತ ಬಂದರೆ ಮೊದಲನೆಯದರ ಕಡೆ ಮನಸ್ಸು ವಾಲುತ್ತದೆ. ಗ್ರಂಥಿಗೆ ಹೋಗಿದ್ದರೆ, ಮೂರೂ ನೆಗೆಟಿವ್ ಬಂದರೆ ಅಥವಾ ಹರ್-2 ಪಾಸಿಟಿವ್ ಆದರೆ ಎರಡನೆಯದು.

ಮೊದಲ ದಾರಿಯ ಲೆಕ್ಕವನ್ನು ವಾರದ ಪ್ರಕಾರ ಬಿಡಿಸಿ ಹೇಳುತ್ತೇನೆ, ಗೋಡೆಯ ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಓದಿ. 21ನೇ ವಾರದ ಹೊತ್ತಿಗೆ ಆಪರೇಷನ್. ಗಾಯ ಮಾಯಲು ಮೂರು ವಾರ. 24ನೇ ವಾರಕ್ಕೆ ಮೊದಲ ಕೀಮೋ. ಮೂರು ವಾರಕ್ಕೊಂದರಂತೆ 27, 30, 33. ಅಲ್ಲಿಗೆ ನಾಲ್ಕು. 33ಕ್ಕೆ ನಿಲ್ಲಿಸಿ, 37 ತುಂಬಿದ ಮೇಲೆ ಹೆರಿಗೆ. ಕೊನೆಯ ಕೀಮೋಗೂ ಹೆರಿಗೆಗೂ ನಡುವೆ ಕನಿಷ್ಠ ಮೂರು ವಾರ ಅಂತರ ಬೇಕು. ಕೀಮೋ ಕೊಟ್ಟ ಮೇಲೆ ತಾಯಿಯ ಬಿಳಿ ರಕ್ತಕಣ ಇಳಿಯುತ್ತದೆ, ಮಗುವಿನದ್ದೂ ಇಳಿಯಬಹುದು. ಆ ಇಳಿತದಲ್ಲೇ ಹೆರಿಗೆಯಾದರೆ ಇಬ್ಬರಿಗೂ ಸೋಂಕು, ರಕ್ತಸ್ರಾವದ ಅಪಾಯ. ಅದಕ್ಕೇ 34, 35 ವಾರ ದಾಟಿದ ಮೇಲೆ ಕೀಮೋ ಕೊಡುವುದಿಲ್ಲ. ಹೆರಿಗೆಯಾದ ಎರಡು ಮೂರು ವಾರದಲ್ಲಿ ಉಳಿದ ಕೀಮೋ, ಆಮೇಲೆ ಅಗತ್ಯವಿದ್ದರೆ ವಿಕಿರಣ, ಆಮೇಲೆ ಮಾತ್ರೆ. ಎರಡನೇ ದಾರಿಯಾದರೆ ಕೀಮೋ ಮುಂದಿನ ಒಂದೆರಡು ವಾರದಲ್ಲೇ ಶುರುವಾಗುತ್ತದೆ.

ಬಸುರಿಯಲ್ಲಿ ಆಪರೇಷನ್ ಅಂದರೆ ಎಲ್ಲರೂ ಬೆಚ್ಚುತ್ತಾರೆ. ಸ್ತನದ ಆಪರೇಷನ್ ಹೊಟ್ಟೆಯಿಂದ ದೂರ. ಅರಿವಳಿಕೆ ಕೊಡುವ ವೈದ್ಯರು ನಿಮ್ಮನ್ನು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುತ್ತಾರೆ, ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಿರಲಿ ಅಂತ. ಮೊದಲೂ ಆಮೇಲೂ ಮಗುವಿನ ಎದೆಬಡಿತ ನೋಡುತ್ತಾರೆ. ನಾಲ್ಕರಿಂದ ಆರನೇ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಪೂರ್ತಿ ಸ್ತನ ತೆಗೆಯಬೇಕಾ, ಗಡ್ಡೆ ಮಾತ್ರ ತೆಗೆದರೆ ಸಾಕಾ ಅನ್ನುವುದನ್ನು ಸರ್ಜನ್ ಹತ್ತಿರ ಬಿಚ್ಚಿ ಮಾತಾಡಿ. ಗಡ್ಡೆ ಮಾತ್ರ ತೆಗೆದರೆ ವಿಕಿರಣ ಬೇಕೇ ಬೇಕು. ಬಸುರಿಯಲ್ಲಿ ವಿಕಿರಣ ಕೊಡಲಾಗದು, ಹಾಗಾಗಿ ಪೂರ್ತಿ ತೆಗೆಯಲೇಬೇಕು ಅಂತ ಕೆಲವರು ಹೇಳುತ್ತಾರೆ. ನಿಮ್ಮ ಲೆಕ್ಕದಲ್ಲಿ ನಡುವೆ ಕೀಮೋ ಇರುವುದರಿಂದ ವಿಕಿರಣದ ಸರದಿ ಬರುವಷ್ಟರಲ್ಲಿ ಹೆರಿಗೆ ಮುಗಿದಿರುತ್ತದೆ. ಹಾಗಾಗಿ ಆ ಆಯ್ಕೆ ನಿಮಗೆ ಮುಚ್ಚಿಲ್ಲ.

ಕೀಮೋ ಮಗುವಿಗೆ ಏನು ಮಾಡುತ್ತದೆ? ಇದಕ್ಕೆ ಉದ್ದ ಉತ್ತರವೇ ಬೇಕು. ಮಗುವಿನ ಹೃದಯ, ಕೈಕಾಲು, ಮುಖ, ಕರುಳು ರೂಪ ಪಡೆಯುವುದು ಮೊದಲ 12 ವಾರದಲ್ಲಿ. ಆ ಹೊತ್ತಿನಲ್ಲಿ ಕೀಮೋ ಕೊಟ್ಟರೆ ಅಂಗದೋಷದ ಅಪಾಯ ನೂರಕ್ಕೆ 10ರಿಂದ 20 ಅಂತ ಲೆಕ್ಕ. ಅದಕ್ಕೇ ಆಗ ಕೊಡುವುದಿಲ್ಲ. ನೀವು ಆ ಗಡಿ ದಾಟಿ ಬಂದಿದ್ದೀರಿ. ಈ ಹಂತದಲ್ಲಿ ಕೊಟ್ಟರೆ ಅಂಗದೋಷದ ಅಪಾಯ ಯಾವ ಬಸುರಿಯಲ್ಲೂ ಇರುವಷ್ಟೇ, ಅಂದರೆ ನೂರಕ್ಕೆ 3ರಷ್ಟು. ಆದರೂ ಅಪಾಯ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಮಗುವಿನ ತೂಕ ಕಡಿಮೆಯಾಗಬಹುದು, ನೋವು ಬೇಗ ಬರಬಹುದು. ಅದಕ್ಕೆ ಮೂರು ವಾರಕ್ಕೊಮ್ಮೆ ಬೆಳವಣಿಗೆಯ ಸ್ಕ್ಯಾನ್, ಮಗುವಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡುವ ಡಾಪ್ಲರ್ ಬೇಕು. ಪ್ರತಿ ಕೀಮೋಗೆ ಮುಂಚೆ ಒಂದು ಸ್ಕ್ಯಾನ್ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಈ ಮಕ್ಕಳು ಬೆಳೆದ ಮೇಲೆ ಹೇಗಿರುತ್ತಾರೆ ಅಂತ ನೋಡಿರುವ ಅಧ್ಯಯನಗಳಿವೆ. 2015ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ವೈದ್ಯರ ನೇತೃತ್ವದಲ್ಲಿ ಬಂದ ಒಂದು ವರದಿಯಲ್ಲಿ, ಬಸುರಿಯಲ್ಲಿ ಕ್ಯಾನ್ಸರ್ ಆಗಿದ್ದ ತಾಯಂದಿರ 129 ಮಕ್ಕಳನ್ನು ಬೇರೆ 129 ಮಕ್ಕಳ ಜೊತೆ ಹೋಲಿಸಿದ್ದರು. ಹೆಚ್ಚಿನವರ ತಾಯಂದಿರು ಕೀಮೋ ತೆಗೆದುಕೊಂಡಿದ್ದವರೇ. ಮಕ್ಕಳ ಹೃದಯ, ಬುದ್ಧಿ ಬೆಳವಣಿಗೆಯಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಬುದ್ಧಿ ಬೆಳವಣಿಗೆ ಹಿಂದೆ ಬಿದ್ದಿದ್ದು ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ, ಅದು ಎರಡೂ ಗುಂಪಿನಲ್ಲಿ. ನನ್ನ ಕೆಲಸದಲ್ಲಿ ನಾನು ಹಟ ಹಿಡಿಯುವುದು ಇದಕ್ಕೇ. "32 ವಾರಕ್ಕೇ ಹೆರಿಗೆ ಮಾಡಿಸಿಬಿಡೋಣ, ಆಮೇಲೆ ನಿಶ್ಚಿಂತೆಯಾಗಿ ಕೀಮೋ ಕೊಡೋಣ" ಅಂತ ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಹೇಳಬಹುದು. ನಿಮಗೆ ಹಾಗೆ ಹೇಳಿದರೆ ಕಾರಣ ಕೇಳಿ. ಬಿಪಿ ಏರಿದೆ, ಮಗು ಬೆಳೆಯುತ್ತಿಲ್ಲ ಅನ್ನುವಂಥ ಕಾರಣ ಇದ್ದರೆ ಸರಿ, ಆಗ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಹೆರಿಗೆ ಮಾಡಿಸುತ್ತಾರೆ. ಬರೀ ಕೀಮೋ ಸಲುವಾಗಿ ಅಂದರೆ ಒಪ್ಪಬೇಡಿ.

ಇದೇ ಥರದ ಇನ್ನೊಂದು ಮಾತು, "ಬಸುರಿ ಅಲ್ವಾ, ಡೋಸ್ ಸ್ವಲ್ಪ ಕಮ್ಮಿ ಕೊಡಿ" ಅನ್ನುವುದು. ಬೇಡ. ನಿಮ್ಮ ಆ ದಿನದ ತೂಕಕ್ಕೆ ಪೂರ್ತಿ ಡೋಸ್ ಕೊಡಬೇಕು. ಅರ್ಧ ಕೊಟ್ಟರೆ ಮಗುವಿಗೂ ಔಷಧಿ ತಾಗಿದಂತಾಯಿತು, ಗಡ್ಡೆಯೂ ಸಾಯಲಿಲ್ಲ.

ಸಾಮಾನ್ಯವಾಗಿ ಕೊಡುವುದು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಅನ್ನುವ ಜೋಡಿ. ಶುರು ಮಾಡುವ ಮುಂಚೆ ಹೃದಯದ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡುತ್ತಾರೆ, ಅದರಲ್ಲಿ ವಿಕಿರಣ ಇಲ್ಲ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಕೊಟ್ಟ ದಿನ, ಮಾರನೇ ದಿನ ಮೂತ್ರ ಕೆಂಪಾಗಿ ಬರುತ್ತದೆ. ಬಸುರಿಯರು ಇದನ್ನು ನೋಡಿ ರಕ್ತ ಹೋಗುತ್ತಿದೆ, ಮಗು ಹೋಯಿತು ಅಂತ ರಾತ್ರೋರಾತ್ರಿ ಅಳುತ್ತಾ ಬಂದಿರುವುದುಂಟು. ಮೊದಲೇ ಹೇಳಿದ್ದರೆ ಆ ಸಂಕಟ ತಪ್ಪುತ್ತದೆ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ಅನುಮಾನ ಬಂದರೆ ಬಿಳಿ ಬಟ್ಟೆ ಅಥವಾ ಪ್ಯಾಡ್ ಇಟ್ಟು ನೋಡಿ. ಮೂತ್ರ ಮಾಡುವಾಗ ಮಾತ್ರ ಕೆಂಪಾಗಿದ್ದು ಪ್ಯಾಡ್ ಒಣಗಿಯೇ ಇದ್ದರೆ ಅದು ಔಷಧಿಯ ಬಣ್ಣ. ಪ್ಯಾಡ್ ಮೇಲೆ ರಕ್ತ ಕಂಡರೆ, ಹೊಟ್ಟೆ ಬಿಗಿದುಕೊಂಡು ನೋವು ಬಂದರೆ ತಡಮಾಡದೆ ಹೊರಡಿ.

ಕೂದಲು ಎರಡು ಮೂರು ವಾರದಲ್ಲಿ ಉದುರುತ್ತದೆ, ಆಮೇಲೆ ಬರುತ್ತದೆ. ಸೀಮಂತ ಮಾಡಬೇಕು ಅಂತ ಮನೆಯಲ್ಲಿ ಆಸೆ ಇದ್ದರೆ ಮೊದಲ ಕೀಮೋಗೆ ಮುಂಚೆ ಮಾಡಿಕೊಳ್ಳಿ, ಜನ ಕಡಿಮೆ ಇರಲಿ. ವಾಂತಿಗೆ ಬಸುರಿಯಲ್ಲಿ ಕೊಡಬಹುದಾದ ಮಾತ್ರೆಗಳಿವೆ, ಸುಮ್ನೆ ಸಹಿಸಿಕೊಳ್ಳಬೇಡಿ.

ಜ್ವರದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಕೀಮೋ ಆದ 7ರಿಂದ 14ನೇ ದಿನದ ನಡುವೆ ರಕ್ತಕಣ ತೀರಾ ಕೆಳಗಿರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ದಾಟಿದರೆ ಡೋಲೋ ನುಂಗಿ ಬೆಳಿಗ್ಗೆ ನೋಡೋಣ ಅನ್ನಬಾರದು. ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಬೇಕು. ಮಳೆಗಾಲದಲ್ಲಿ ತೋಟದ ದಾರಿಗಳಲ್ಲಿ ಮರ ಬಿದ್ದಿರುತ್ತದೆ, ಕರೆಂಟಿರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಈ ಒಂದು ವಾರ ಹಾಸನದಲ್ಲೋ ಸಕಲೇಶಪುರ ಪೇಟೆಯಲ್ಲೋ ನೆಂಟರ ಮನೆಯಲ್ಲಿ ಉಳಿಯಲು ಸಾಧ್ಯವಾದರೆ ಅದು ದೊಡ್ಡ ಅನುಕೂಲ.

ಎಲ್ಲಿಗೆ ಹೋಗಬೇಕು? ಸರ್ಜನ್, ಕೀಮೋ ಕೊಡುವ ತಜ್ಞರು, ಹೆರಿಗೆ ತಜ್ಞರು, ನವಜಾತ ಶಿಶುಗಳ ಐಸಿಯು, ಈ ನಾಲ್ಕೂ ಒಂದೇ ಆವರಣದಲ್ಲಿರುವ ಮೆಡಿಕಲ್ ಕಾಲೇಜು ಆಸ್ಪತ್ರೆ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಮಣಿಪಾಲ, ಮಂಗಳೂರಿನ ಕಡೆ ಅಂಥವು ಇವೆ. ಆದರೆ ನೀವು ಶಿರಾಡಿ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ದಾರಿ ಬಂದ್. ಬೆಂಗಳೂರಿಗೆ ಹಾಸನದಿಂದ ರೈಲೂ ಇದೆ, ರಸ್ತೆಯೂ ನೇರ. ಕಿದ್ವಾಯಿಗೆ ಹೋಗುವುದಾದರೆ ಒಂದು ಮಾತು ನೆನಪಿರಲಿ. ಅದು ಕ್ಯಾನ್ಸರ್ ಆಸ್ಪತ್ರೆ, ಹೆರಿಗೆಗೆ ಬೇರೆ ಕಡೆ ನೋಂದಾಯಿಸಿಕೊಳ್ಳಬೇಕು. ಆ ಎರಡು ಕಡೆಯ ವೈದ್ಯರು ಪರಸ್ಪರ ಫೋನಲ್ಲಿ ಮಾತಾಡಲೇಬೇಕು ಅಂತ ನೀವೇ ಒತ್ತಾಯ ಮಾಡಿ. ನಡುವಿನ ರಕ್ತ ಪರೀಕ್ಷೆ, ಬೆಳವಣಿಗೆ ಸ್ಕ್ಯಾನ್‌ಗಳನ್ನು ಹಾಸನದಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದು.

ಖರ್ಚಿನ ಮಾತು ನೀವು ಬರೆದಿಲ್ಲ, ಆದರೆ ಯಜಮಾನರು ಮಾತಾಡದೆ ಕೂತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಕೇಳಿ ಬರೆಸಿಕೊಳ್ಳಿ.

ಹೆರಿಗೆ ಸಹಜವಾಗಿಯೇ ಆಗಬಹುದು. ಕ್ಯಾನ್ಸರ್ ಇದೆ ಅನ್ನುವುದಕ್ಕೇ ಸಿಸೇರಿಯನ್ ಬೇಕಿಲ್ಲ. ಸಹಜ ಹೆರಿಗೆಯಾದರೆ ಗಾಯ ಇರುವುದಿಲ್ಲ, ಕೀಮೋ ಬೇಗ ಮುಂದುವರಿಸಬಹುದು. ಎದೆಹಾಲು ಮಾತ್ರ ಕೊಡಲಾಗುವುದಿಲ್ಲ. ಕೀಮೋ ಔಷಧಿ ಹಾಲಿನಲ್ಲಿ ಇಳಿಯುತ್ತದೆ, ಟ್ಯಾಮಾಕ್ಸಿಫೆನ್ ಹೊತ್ತಿನಲ್ಲೂ ಕುಡಿಸಬಾರದು. ಇದನ್ನು ಕೇಳಿದಾಗ ಹೆಂಗಸರು ಆಪರೇಷನ್‌ಗಿಂತ ಜಾಸ್ತಿ ನೊಂದುಕೊಳ್ಳುತ್ತಾರೆ, ನಾನು ನೋಡಿದ್ದೇನೆ. ಮಗುವಿಗೆ ಡಬ್ಬಿ ಹಾಲು ಕೊಡಬಹುದು, ಮಿಲ್ಕ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲಿ ತಾಯಿಹಾಲೂ ಸಿಗುತ್ತದೆ. ಎದೆಗೆ ಒರಗಿಸಿಕೊಂಡು ಮಲಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬಾಣಂತನದಲ್ಲಿ ಕೆಂಡದ ಹೊಗೆ, ಅರೆಹೊಟ್ಟೆ ಪಥ್ಯ ಈ ಸಲ ಬೇಡ ಅಂತ ಅಮ್ಮನಿಗೆ ಹೇಳಿ. ಗಾಳಿಯಾಡುವ ಕೋಣೆ, ಮೊಟ್ಟೆ, ಬೇಳೆ, ಹಾಲು, ಬೇಯಿಸಿದ ಸೊಪ್ಪು ತರಕಾರಿ ಬೇಕು. ನಾಟಿ ಔಷಧಿ ಯಾರೇ ತಂದುಕೊಟ್ಟರೂ ಕೀಮೋ ಜೊತೆ ಕುಡಿಯಬೇಡಿ. ಲಿವರ್‌ಗೆ ಹೊಡೆತ ಬಿದ್ದರೆ ಕೀಮೋನೇ ನಿಲ್ಲಿಸಬೇಕಾಗುತ್ತದೆ.

ಇನ್ನು ಚಿಕ್ಕಮ್ಮನ ವಿಷಯ. ನಿಮಗೆ 31, ಅವರಿಗೆ 40ರೊಳಗೆ. ಹಾಗಾಗಿ ಬಿಆರ್‌ಸಿಎ ಜೀನ್ ಪರೀಕ್ಷೆ, ಅಂದರೆ ಸ್ತನ ಕ್ಯಾನ್ಸರ್ ವಂಶದಲ್ಲಿ ಬರುತ್ತಿದೆಯಾ ಅಂತ ನೋಡುವ ಪರೀಕ್ಷೆ, ಮಾಡಿಸಬೇಕು. ಬರೀ ರಕ್ತ ಕೊಟ್ಟರೆ ಸಾಕು, ಬಸುರಿಯಲ್ಲೂ ಮಾಡಿಸಬಹುದು. ಅದರಲ್ಲಿ ದೋಷ ಇದ್ದರೆ ನಿಮ್ಮ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಜೀನ್ ಬಂದರೂ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಮಗಳಿಗೆ ಈಗ ಏನೂ ಪರೀಕ್ಷೆ ಬೇಡ, ಅವಳು ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಲಿ. ಆದರೆ ನಿಮ್ಮ ಅಮ್ಮ, ಅಕ್ಕ ತಂಗಿಯರು, ಚಿಕ್ಕಮ್ಮನ ಮಕ್ಕಳು ನಿಮ್ಮ ರಿಪೋರ್ಟ್ ಬಂದ ಮೇಲೆ ಒಮ್ಮೆ ವೈದ್ಯರನ್ನು ಕಾಣಬೇಕು.

ಯಜಮಾನರನ್ನು ಮುಂದಿನ ಸಲ ಕೋಣೆಯ ಒಳಗೇ ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ. ತೋಟದಲ್ಲಿ ಲೆಕ್ಕ ಬರೆಯುವವರು ಅವರು. ವಾರದ ಲೆಕ್ಕ, ಕೀಮೋ ದಿನಾಂಕ, ರಕ್ತದ ರಿಪೋರ್ಟ್‌ಗಳ ಪುಸ್ತಕವನ್ನು ಅವರ ಕೈಗೇ ಕೊಡಿ. ಮಾತು ಬರದೆ ಕೂತ ಗಂಡಂದಿರಿಗೆ ಕೈಯಲ್ಲೊಂದು ಕೆಲಸ ಸಿಕ್ಕರೆ ಸ್ವಲ್ಪ ಧೈರ್ಯ ಬರುತ್ತದೆ.

ಈ ವಾರ ಆಗಬೇಕಾದ್ದು ಇಷ್ಟು. ಪೆಟ್ ಸ್ಕ್ಯಾನ್ ನಿಲ್ಲಿಸಿ. ಐಎಚ್‌ಸಿ ರಿಪೋರ್ಟ್ ಎಂದು ಬರುತ್ತೆ ಅಂತ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ. ಮಗುವಿನ ಅಂಗಾಂಗ ನೋಡುವ ಐದನೇ ತಿಂಗಳ ಸ್ಕ್ಯಾನ್ ಆಗಿರದಿದ್ದರೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಮಾಡಿಸಿ. ಆಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಬಯಾಪ್ಸಿ ತೆಗೆದ ಕಡೆಯಿಂದ ರಿಪೋರ್ಟ್ ಜೊತೆಗೆ ಗಡ್ಡೆಯ ತುಣುಕು ಇಟ್ಟಿರುವ ಮೇಣದ ಬ್ಲಾಕ್‌ಗಳನ್ನೂ ಸ್ಲೈಡ್‌ಗಳನ್ನೂ ಕೇಳಿ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಕೈಯಲ್ಲಿದ್ದರೆ ಮತ್ತೆ ಸೂಜಿ ಹಾಕುವುದು ತಪ್ಪುತ್ತದೆ, ಒಂದು ವಾರ ಉಳಿಯುತ್ತದೆ.